ಓಹಾಯೋ ಗುಡ್ಡಗಾಡಲ್ಲಿ ಬಿಲ್ಲು ಹಿಡಿದು ದೊಡ್ಡ ಬಕ್ ಬೇಟೆ: ಮೊದಲು ಗಾಳಿ ಕಲೀರಿ, ಆಮೇಲೆ ಬಾಣ

ಕೊಲಂಬಸ್ ಕಡೆ ಇರೋ ನಮ್ಮವರು ಸುಮಾರು ಜನ ಹಾಕಿಂಗ್ ಹಿಲ್ಸ್‌ಗೆ ಹೋಗಿ ಓಲ್ಡ್ ಮ್ಯಾನ್ಸ್ ಕೇವ್ ನೋಡ್ಕೊಂಡು ಬಂದಿರ್ತೀರ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಇಳಿದ್ರೆ ಝಲೆಸ್ಕಿ ಸ್ಟೇಟ್ ಫಾರೆಸ್ಟ್, ವೇಯ್ನ್ ನ್ಯಾಷನಲ್ ಫಾರೆಸ್ಟ್, ಓಹಾಯೋ ನದಿ ಹತ್ರ ಶಾನೀ ಸ್ಟೇಟ್ ಫಾರೆಸ್ಟ್, ಹೀಗೆ ಪಟ್ಟಿಗೆ ಪಟ್ಟಿನೇ ಗುಡ್ಡ ಕಾಡು. ಹಿಮಯುಗದ ಹಿಮನದಿಗಳು ಓಹಾಯೋದ ಉಳಿದ ಭಾಗನ ಸವರಿ ಮಟ್ಟ ಮಾಡಿದ್ವು, ಈ ಆಗ್ನೇಯ ಮೂಲೆಗೆ ಮಾತ್ರ ಬರಲಿಲ್ಲ, ಅದಕ್ಕೇ ಇಲ್ಲಿ ಏಣುಗಳು, ಅಂದ್ರೆ ಗುಡ್ಡದ ನೆತ್ತಿ ಸಾಲುಗಳು, ಚೂಪು, ಕೊರಕಲುಗಳು ಆಳ. ಈ ಕಾಡಲ್ಲಿ ನಾಲ್ಕೈದು ವರ್ಷ ಬದುಕಿರೋ ವೈಟ್‌ಟೇಲ್ ಜಾತಿಯ ಗಂಡು ಜಿಂಕೆ, ಅಂದ್ರೆ ಬಲಿತ ಬಕ್, ಅದನ್ನ ಬಿಲ್ಲಿನ ಅಳತೆ ಒಳಗೆ ತರೋದು ಹೇಗೆ ಅಂತ ಬರೀತಾ ಇದೀನಿ. ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾದಲ್ಲಿ ಇರೋರಿಗೂ ಗುಡ್ಡದ ಪಾಠ ಇದೇ, ಕಾನೂನು ಮಾತ್ರ ಅವರವರ ರಾಜ್ಯದ್ದು ನೋಡ್ಕೊಳ್ಳಿ.

ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರ್ಬೇಕು ಅಂತಲೇ ನನ್ನ ಅಭಿಪ್ರಾಯ. ಇಲ್ಲಿನ ಕಥೆ ಬೇರೆ. 1904ರ ಹೊತ್ತಿಗೆ ಓಹಾಯೋದಲ್ಲಿ ವೈಟ್‌ಟೇಲ್ ಪೂರ್ತಿ ಅಳಿದು ಹೋಗಿತ್ತು, ಆಮೇಲೆ ಬೇರೆ ಕಡೆಯಿಂದ ತಂದು ಬಿಟ್ಟು ಕಾಪಾಡಿ, 1943ರಲ್ಲಿ ಮೂರೇ ಮೂರು ಕೌಂಟಿಯಲ್ಲಿ ಬೇಟೆ ಸೀಸನ್ ಶುರು ಮಾಡಿದ್ರು, ಈಗ 88 ಕೌಂಟಿಯಲ್ಲೂ ಜಿಂಕೆ ಇದೆ. ತೋಳ, ಕೂಗರ್ ಇಲ್ಲದ ಕಾಡಲ್ಲಿ ಸಂಖ್ಯೆ ಹಿಡಿತದಲ್ಲಿ ಇಡೋದು ಮುಖ್ಯವಾಗಿ ಬೇಟೆಗಾರರೇ, ನೀವು ಬಿಲ್ಲು ತಗೊಂಡಾಗ ಕಟ್ಟೋ 11% ಫೆಡರಲ್ ತೆರಿಗೆ ಕೂಡ ವನ್ಯಜೀವಿ ಕೆಲಸಕ್ಕೇ ಹೋಗತ್ತೆ.

ಲೈಸೆನ್ಸ್, ಕಾಗದ ಪತ್ರ

ಮೊದಲ ಸಲ ಲೈಸೆನ್ಸ್ ತಗೊಳ್ಳೋರಿಗೆ ಹಂಟರ್ ಎಜುಕೇಶನ್ ಕೋರ್ಸ್ ಬೇಕು, ಇಲ್ಲಾಂದ್ರೆ ಅನುಭವಸ್ಥರ ಜೊತೆ ಹೋಗೋಕೆ ಅಪ್ರೆಂಟಿಸ್ ಲೈಸೆನ್ಸ್ ಇದೆ. ನಾನು ಹೇಳೋದು ಕೋರ್ಸ್ ಮಾಡೇ ಮಾಡಿ ಅಂತ, ಸುರಕ್ಷತೆ ವಿಷಯ ಚೆನ್ನಾಗಿ ಹೇಳ್ಕೊಡ್ತಾರೆ. ಹಂಟಿಂಗ್ ಲೈಸೆನ್ಸ್ ಮೇಲೆ ಬೇರೆಯಾಗಿ ಡಿಯರ್ ಪರ್ಮಿಟ್ ತಗೋಬೇಕು. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಫೆಬ್ರವರಿ ಮೊದಲ ವಾರದ ತನಕ ಇರತ್ತೆ, ಒಬ್ಬರಿಗೆ ಒಂದು ಸೀಸನ್‌ಗೆ ಕೊಂಬಿರೋ ಗಂಡು ಒಂದೇ. ಆ ಒಂದನ್ನ ಒಂದೂವರೆ ವರ್ಷದ ಮರಿ ಬಕ್ ಮೇಲೆ ಖರ್ಚು ಮಾಡಿದ್ರೆ ಆ ವರ್ಷದ ಲೆಕ್ಕ ಮುಗೀತು. ಫ್ರೀಜರ್ ತುಂಬಬೇಕಾದ್ರೆ ಡೋ, ಅಂದ್ರೆ ಹೆಣ್ಣು ಹೊಡೀರಿ, ಮಾಂಸಾನೂ ಮೃದು.

ವೀಸಾದಲ್ಲಿ ಇರೋರು ತುಂಬಾ ಕೇಳೋ ಪ್ರಶ್ನೆ ಒಂದಿದೆ. ಎಚ್-1ಬಿ, ಎಫ್-1 ತರದ ವೀಸಾದವರು ಗನ್ ಇಟ್ಕೊಳ್ಳೋಕೆ ಫೆಡರಲ್ ಕಾನೂನಲ್ಲಿ ನಿರ್ಬಂಧ ಇದೆ, ಹಂಟಿಂಗ್ ಲೈಸೆನ್ಸ್ ಇದ್ರೆ ಅದಕ್ಕೆ ವಿನಾಯಿತಿ. ಬಿಲ್ಲು ಬಾಣ ಆ ಕಾನೂನಿನ ಪ್ರಕಾರ ಬಂದೂಕಿನ ಲೆಕ್ಕಕ್ಕೇ ಬರಲ್ಲ. ಆದ್ರೂ ಟ್ರೆಸ್‌ಪಾಸ್ ಕೇಸು, ವೈಲ್ಡ್‌ಲೈಫ್ ಕೇಸು ಅಂತ ಏನಾದ್ರೂ ಬಿದ್ರೆ ಇಮಿಗ್ರೇಶನ್‌ಗೆ ತಲೆನೋವು, ಅದಕ್ಕೆ ಖಾಸಗಿ ಜಮೀನಿಗೆ ಕಾಲಿಡೋ ಮುಂಚೆ ಮಾಲೀಕರ ಹತ್ರ ಬರವಣಿಗೆಯಲ್ಲಿ ಪರ್ಮಿಶನ್ ತಗೊಳ್ಳಿ, ಓಹಾಯೋದಲ್ಲಿ ಅದು ಕಡ್ಡಾಯ.

ಬಿಲ್ಲು: ಜಾಸ್ತಿ ತಲೆ ಕೆಡಿಸ್ಕೊಬೇಡಿ

ಕಾಂಪೌಂಡ್ ಬಿಲ್ಲು, ಅಂದ್ರೆ ತುದಿಗಳಲ್ಲಿ ರಾಟೆ ಇರೋದು, ಸಾಕು. ಓಹಾಯೋದಲ್ಲಿ ಎಳೆತ ಕನಿಷ್ಠ 40 ಪೌಂಡ್ ಇರ್ಬೇಕು, ಬ್ರಾಡ್‌ಹೆಡ್‌ಗೆ, ಅಂದ್ರೆ ಬಾಣದ ತುದಿಯ ಬೇಟೆ ಮೊನೆಗೆ, ಕನಿಷ್ಠ ಎರಡು ಅಲಗು, ಮುಕ್ಕಾಲು ಇಂಚು ಅಗಲ. 50ರಿಂದ 60 ಪೌಂಡ್ ಎಳೆಯೋರಿಗೆ ಯಾವ ವೈಟ್‌ಟೇಲ್‌ಗೂ ಕಮ್ಮಿ ಬೀಳಲ್ಲ. 70 ಪೌಂಡ್ ಇಟ್ಕೊಂಡು ಚಳೀಲಿ ಮೂರು ಗಂಟೆ ಕೂತ ಮೇಲೆ ಕೈ ನಡುಗಿಸ್ಕೊಂಡು, ಬಿಲ್ಲನ್ನ ಆಕಾಶಕ್ಕೆ ಎತ್ತಿ ಎಳೆಯೋ ಬದಲು, ಕೂತ ಜಾಗದಲ್ಲೇ ಅಲುಗಾಡದೆ ನಿಧಾನಕ್ಕೆ ಎಳೆಯೋಕಾಗೋ ಅಷ್ಟು ಇಡಿ. ಅಂಗಡಿಯವರ ಹತ್ರ ಡ್ರಾ ಲೆಂತ್, ಅಂದ್ರೆ ನೀವು ದಾರ ಎಳೆಯೋ ಉದ್ದ, ಅಳೆಸಿ, ಬಾಣ 400ರಿಂದ 500 ಗ್ರೇನ್ (ಸುಮಾರು 26ರಿಂದ 32 ಗ್ರಾಂ) ತೂಕದ್ದು ತಗೊಳ್ಳಿ. ಬ್ರಾಡ್‌ಹೆಡ್ ಬ್ಲೇಡ್ ಶೇವಿಂಗ್ ಮಾಡೋ ಅಷ್ಟು ಚೂಪು ಇರ್ಲೇಬೇಕು, ಬಾಣ ಕೊಲ್ಲೋದು ಹೊಡೆತದ ಜೋರಿಂದ ಅಲ್ಲ, ಶ್ವಾಸಕೋಶ ಕುಯ್ದು ರಕ್ತ ಸುರಿಸೋದ್ರಿಂದ.

ಪ್ರಾಕ್ಟೀಸ್ ಮಾಡೋವಾಗ ನೆಲದ ಮೇಲೆ ನಿಂತು ಮಾತ್ರ ಹೊಡೀಬೇಡಿ. ಬೇಟೆಗೆ ಕೂರೋದು ಮರಕ್ಕೆ ಕಟ್ಟಿದ ಸ್ಟ್ಯಾಂಡ್ ಮೇಲೆ, ಅಲ್ಲಿಂದ ಹೊಡೆಯೋವಾಗ ಸೊಂಟದಿಂದ ಬಗ್ಗಬೇಕು, ಕೈ ಮಾತ್ರ ಕೆಳಗಿಳಿಸಿದ್ರೆ ಬಾಣ ಮೇಲೆ ಹೋಗತ್ತೆ. ದೂರದ ಲೆಕ್ಕನೂ ಇಲ್ಲಿ ಬೇರೆ: 30 ಡಿಗ್ರಿ ಇಳಿಜಾರಲ್ಲಿ ಕಣ್ಣಿನ ನೇರಕ್ಕೆ 30 ಯಾರ್ಡ್ ಇದ್ರೆ ಬಾಣಕ್ಕೆ ಅದು 26 ಯಾರ್ಡ್ ಮಾತ್ರ, ಯಾಕಂದ್ರೆ ಬಾಣ ಬೀಳೋದನ್ನ ನಿರ್ಧರಿಸೋದು ಅಡ್ಡ ದೂರ. ಆಂಗಲ್ ಲೆಕ್ಕ ಹಾಕೋ ರೇಂಜ್‌ಫೈಂಡರ್, ಅಂದ್ರೆ ದೂರ ಅಳೆಯೋ ಸಾಧನ, ಒಂದು ತಗೊಳ್ಳಿ, ಗುಡ್ಡದಲ್ಲಿ ಅದಕ್ಕೆ ಕೊಟ್ಟ ದುಡ್ಡು ಕ್ಯಾಮೋ ಬಟ್ಟೆಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬರತ್ತೆ.

ಗಾಳಿ

ಈ ಲೇಖನದಲ್ಲಿ ಒಂದೇ ಭಾಗ ಓದೋದಾದ್ರೆ ಇದನ್ನ ಓದಿ. ಬಯಲಲ್ಲಿ ವೆದರ್ ಆಪ್ ನೋಡಿ ಪಶ್ಚಿಮದ ಗಾಳಿ ಅಂದ್ರೆ ಪಶ್ಚಿಮದ ಗಾಳಿನೇ. ಗುಡ್ಡದಲ್ಲಿ ಎರಡು ಗಾಳಿ ಇರತ್ತೆ. ಒಂದು ಆಪ್‌ನಲ್ಲಿ ತೋರ್ಸೋದು, ಏಣಿನ ನೆತ್ತಿ ಮೇಲೆ ಬೀಸೋದು. ಇನ್ನೊಂದು ಥರ್ಮಲ್, ಬಿಸಿಲು ಬಿದ್ದಾಗ ಇಳಿಜಾರಿನ ಗಾಳಿ ಕಾದು ಗುಡ್ಡ ಹತ್ತತ್ತೆ, ಹೊತ್ತು ಇಳಿದು ತಣ್ಣಗಾದಾಗ ಅದೇ ಗಾಳಿ ಭಾರ ಆಗಿ ಕೊರಕಲು ಹಿಡಿದು ನೀರು ಹರಿಯೋ ದಾರಿಯಲ್ಲೇ ಕೆಳಗೆ ಇಳಿಯತ್ತೆ. ಬೆಳಕು ಹರಿದ ತಕ್ಷಣ ಇದು ತಿರುಗಲ್ಲ, ಬಿಸಿಲು ಆ ಮಗ್ಗುಲಿಗೆ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ತಿರುಗತ್ತೆ. ಪೂರ್ವದ ಮಗ್ಗುಲು ಬೇಗ, ಉತ್ತರದ ನೆರಳು ಮಗ್ಗುಲು ತಡ, ಮೋಡ ಕವಿದ ದಿನ ಇಡೀ ದಿನ ಒಂಥರಾ ಗೊಂದಲ.

ಬಲಿತ ಬಕ್ ಮಲಗೋ ಜಾಗ ಈ ಎರಡೂ ಗಾಳಿ ಮೇಲೆ ನಿಂತಿದೆ. ಉತ್ತರ ದಕ್ಷಿಣವಾಗಿ ಚಾಚಿರೋ ಒಂದು ಏಣು ಅಂದ್ಕೊಳ್ಳಿ, ಪಶ್ಚಿಮದಿಂದ ಗಾಳಿ ಬೀಸ್ತಾ ಇದೆ. ಬಕ್ ಪೂರ್ವದ ಮಗ್ಗುಲಲ್ಲಿ, ಅಂದ್ರೆ ಗಾಳಿ ಮರೆಯ ಕಡೆ, ಗುಡ್ಡದ ಮೇಲಿನ ಮೂರನೇ ಒಂದು ಭಾಗದಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ, ಮುಖ ಕಣಿವೆ ಕಡೆ ಮಾಡಿ ಮಲಗಿರತ್ತೆ. ಬೆನ್ನ ಹಿಂದೆ ಯಾರಾದ್ರೂ ನಡೆದ್ರೆ ಪಶ್ಚಿಮದ ಗಾಳಿ ವಾಸನೆ ತರತ್ತೆ, ಕೆಳಗಿಂದ ಯಾರಾದ್ರೂ ಬಂದ್ರೆ ಹತ್ತೋ ಥರ್ಮಲ್ ವಾಸನೆ ತರತ್ತೆ, ಜೊತೆಗೆ ಕಣ್ಣಿಗೆ ಇಡೀ ಇಳಿಜಾರು ಕಾಣತ್ತೆ. ದೊಡ್ಡ ಏಣಿಂದ ಪಕ್ಕಕ್ಕೆ ಕವಲೊಡೆದಿರೋ ಚಿಕ್ಕ ಏಣುಗಳ ತುದಿ ಅವಕ್ಕೆ ತುಂಬಾ ಇಷ್ಟ, ಮೂರು ಕಡೆ ತಪ್ಪಿಸ್ಕೊಳ್ಳೋಕೆ ದಾರಿ. ನೆತ್ತಿ ದಾಟಿ ಬಂದ ಗಾಳಿ ಮತ್ತು ಕೆಳಗಿಂದ ಹತ್ತೋ ಗಾಳಿ ಸೇರೋ ಆ ಗೆರೆ ಉದ್ದಕ್ಕೂ ಒಂದು ತೆಳು ಹಾದಿ ಇರತ್ತೆ, ನವೆಂಬರ್‌ನಲ್ಲಿ ಗಂಡುಗಳು ಹೆಣ್ಣಿನ ವಾಸನೆ ಹುಡುಕ್ತಾ ಓಡಾಡೋದು ಅದೇ ಹಾದಿಯಲ್ಲಿ.

ಈ ಗಾಳಿ ನೋಡೋಕೆ ಪೌಡರ್ ಬಾಟ್ಲಿ ಸಾಲದು, ಪೌಡರ್ ನಾಲ್ಕಡಿ ಹೋಗಿ ಕಾಣೆ ಆಗತ್ತೆ. ಮಿಲ್ಕ್‌ವೀಡ್ ಅಂತ ಒಂದು ಗಿಡ ರಸ್ತೆ ಬದಿ ಬೆಳೆಯತ್ತೆ, ನಮ್ಮ ಎಕ್ಕದ ಬಳಗದ್ದೇ. ಎಕ್ಕದ ಕಾಯಿ ಒಡೆದಾಗ ರೇಷ್ಮೆ ತರ ಹತ್ತಿ ಹಾರತ್ತಲ್ಲ, ಹಂಗೇ ಇದರದ್ದೂ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕಾಯಿ ಕಿತ್ತಿಟ್ಕೊಂಡು, ಮರದ ಮೇಲಿಂದ ಒಂದೊಂದೇ ಎಳೆ ಬಿಡಿ, ಬೈನಾಕ್ಯುಲರ್‌ನಲ್ಲಿ ಹಿಂಬಾಲಿಸಿ. ಹತ್ತು ಯಾರ್ಡ್ ನೇರ ಹೋಗತ್ತೆ, ಒಂದು ಕೊರಕಲಿನ ಬಾಯಿಗೆ ಬಂದು ನಿಲ್ಲತ್ತೆ, ಸುಳಿ ತಿರುಗತ್ತೆ, ಆಮೇಲೆ ಮೆಲ್ಲಗೆ ವಾಪಸ್ ನಿಮ್ಮ ಕಡೆಗೇ ಹತ್ಕೊಂಡು ಬರತ್ತೆ. ನಿಮ್ಮ ಮೈ ವಾಸನೆ ಹೋಗೋದೂ ಅದೇ ದಾರಿ. ಸೆಂಟ್ ಸ್ಪ್ರೇ, ವಾಸನೆ ತಡೆಯೋ ಬಟ್ಟೆ ಮೇಲೆ ನಂಗೆ ಅಷ್ಟು ನಂಬಿಕೆ ಇಲ್ಲ, ಜಿಂಕೆ ಮೂಗಿನ ಮುಂದೆ ಅವು ಏನೂ ಅಲ್ಲ. ವಾಸನೆ ಎಲ್ಲಿಗೆ ಹೋಗ್ತಿದೆ ಅಂತ ತಿಳ್ಕೊಂಡು, ಜಿಂಕೆ ಇಲ್ಲದ ಕಡೆ ಹೋಗೋ ಹಾಗೆ ಕೂರೋದೇ ದಾರಿ.

ಚಳಿಗಾಲದಲ್ಲೇ ಹುಡುಕಿ ಇಡಿ

ಜಾಗ ಹುಡುಕೋಕೆ ಒಳ್ಳೆ ಕಾಲ ಫೆಬ್ರವರಿ ಮಾರ್ಚ್. ಸೀಸನ್ ಮುಗಿದಿರತ್ತೆ, ಎಲೆ ಇರಲ್ಲ, ಹೋದ ನವೆಂಬರ್‌ನ ಗುರುತುಗಳು ಹಾಗೇ ಇರ್ತವೆ, ನೀವು ಎಬ್ಬಿಸಿ ಓಡಿಸಿದ್ರೂ ಅಕ್ಟೋಬರ್ ಹೊತ್ತಿಗೆ ಮರೆತಿರ್ತವೆ, ಉದುರಿದ ಕೊಂಬು ಸಿಕ್ರೆ ಯಾವ ಬಕ್ ಬದುಕಿದೆ ಅಂತಾನೂ ಗೊತ್ತಾಗತ್ತೆ. ಮೊದಲು ಮನೇಲಿ ಕೂತು ಟೋಪೋ ಮ್ಯಾಪ್ ನೋಡಿ. ಎತ್ತರದ ಗೆರೆಗಳು ಒತ್ತೊತ್ತಾಗಿದ್ರೆ ಕಡಿದಾದ ಜಾಗ, ನಡುವೆ ಇದ್ದಕ್ಕಿದ್ದಂಗೆ ಅಗಲ ಆದ್ರೆ ಇಳಿಜಾರಿನ ಮಧ್ಯೆ ಮಟ್ಟಸ ಪಟ್ಟಿ, ಅದಕ್ಕೆ ಇಲ್ಲಿ ಬೆಂಚ್ ಅಂತಾರೆ. ಏಣಿನ ಮೇಲೆ ಎರಡು ಗುಡ್ಡದ ತಲೆ ನಡುವೆ ತಗ್ಗು ಇದ್ರೆ ಸ್ಯಾಡಲ್. ಜಿಂಕೆಗೂ ನಮ್ಮ ಹಾಗೆ ಸುಲಭದ ದಾರಿ ಬೇಕು, ಬೆಂಚು, ಸ್ಯಾಡಲ್, ಕಡಿದಾದ ಕೊರಕಲಿನ ನೆತ್ತಿ ಸುತ್ತಿ ಹೋಗೋ ಜಾಗ, ಇಷ್ಟನ್ನೂ ಗುರುತು ಹಾಕ್ಕೊಂಡು ಆಮೇಲೆ ಕಾಲಲ್ಲಿ ನಡೀರಿ. ಪಾರ್ಕಿಂಗ್‌ನಿಂದ ಎಷ್ಟು ದೂರ ಅನ್ನೋದಕ್ಕಿಂತ ಬೇರೆಯವರು ಎಲ್ಲಿ ಹೋಗಲ್ಲ ಅನ್ನೋದು ಮುಖ್ಯ. ರಸ್ತೆ ಪಕ್ಕದಲ್ಲೇ ಮುಳ್ಳುಪೊದೆ ತುಂಬಿರೋ ಕಡಿದಾದ ಮೂಲೆ ಇದ್ರೆ ಅದನ್ನ ಬಿಡ್ಬೇಡಿ.

ನೆಲದ ಮೇಲೆ ಏನು ನೋಡ್ಬೇಕು: ಒಂಟಿಯಾಗಿರೋ, ನಾಲ್ಕಡಿ ಹತ್ತಿರ ಉದ್ದ ಇರೋ ಮಲಗಿದ ಗುಂಡಿ, ಅದರಲ್ಲಿ ಒರಟು ಕೂದಲು, ಹತ್ತಿರದಲ್ಲೇ ಕೊಂಬು ಉಜ್ಜಿ ಸಿಪ್ಪೆ ಎದ್ದಿರೋ ಮರ. ತೋಳು ದಪ್ಪದ ಮರ ಪದೇ ಪದೇ ಉಜ್ಜಿದ್ರೆ ಅಲ್ಲಿ ದೊಡ್ಡದು ಓಡಾಡಿದೆ. ಸ್ಕ್ರೇಪ್ ಅಂದ್ರೆ ಎಲೆ ಕೆದರಿ ಮಣ್ಣು ಬರಿದು ಮಾಡಿರೋ ಜಾಗ, ಅದರ ಮೇಲೆ ಮುಖದ ಎತ್ತರಕ್ಕೆ ಒಂದು ಕೊಂಬೆ ಬಗ್ಗಿರತ್ತೆ, ತುದಿ ಕಚ್ಚಿ ನಾರುನಾರು ಆಗಿರತ್ತೆ. ಎಲ್ಲರೂ ಮಣ್ಣು ನೋಡ್ತಾರೆ, ನೀವು ಕೊಂಬೆ ನೋಡಿ. ಜಿಂಕೆಗಳು ಹಣೆಯ, ಕಣ್ಣಂಚಿನ ಗ್ರಂಥಿಯ ವಾಸನೆ ಉಜ್ಜೋದು ಆ ಕೊಂಬೆಗೆ, ವರ್ಷ ವರ್ಷ ಅದೇ ಕೊಂಬೆಗೆ ಬರ್ತವೆ. ಹೆಚ್ಚಿನ ಸ್ಕ್ರೇಪ್‌ಗೆ ಭೇಟಿ ರಾತ್ರಿ ಹೊತ್ತು, ಅದಕ್ಕೆ ಸ್ಕ್ರೇಪ್ ಮೇಲೇ ಕೂರೋದಕ್ಕಿಂತ ಅದರಿಂದ ಮಲಗೋ ಜಾಗದ ಕಡೆಗೆ ಸರಿದು ಕೂರೋದು ವಾಸಿ.

ಅಕ್ಟೋಬರ್ ಮೊದಲ ಭಾಗದಲ್ಲಿ ಆಹಾರ ಎಲ್ಲಾ ತೀರ್ಮಾನ ಮಾಡತ್ತೆ. ಎಲೆ ಅಂಚು ದುಂಡಗಿದ್ರೆ ವೈಟ್ ಓಕ್, ಚೂಪು ಮುಳ್ಳು ತುದಿ ಇದ್ರೆ ರೆಡ್ ಓಕ್. ವೈಟ್ ಓಕ್ ಕಾಯಿಯಲ್ಲಿ ಒಗರು ಕಮ್ಮಿ, ಅದು ಉದುರ್ತಿದ್ರೆ ಜಿಂಕೆ ಬೇರೆ ಕಡೆ ತಲೆ ಹಾಕಲ್ಲ. ಬಕ್ ಮಲಗೋ ಏಣಿನ ತುದಿಗೆ ಹತ್ತಿರದಲ್ಲಿ ಕಾಯಿ ಸುರಿಸ್ತಿರೋ ಒಂದು ವೈಟ್ ಓಕ್ ಸಿಕ್ರೆ, ಅದರ ಕೆಳಗೆ ಹಸಿ ಹಿಕ್ಕೆ ಇದ್ರೆ, ಅದೇ ಸಂಜೆ ಕೂರಿ, ನಾಳೆಗೆ ಅಂತ ಇಡ್ಬೇಡಿ.

ಯಾವ ಮರ, ಯಾವ ದಾರಿ

ಒಂದೊಂದು ಗಾಳಿಗೂ ಬೇರೆ ಬೇರೆ ಮರ ಇಟ್ಕೊಳ್ಳಿ, ತಪ್ಪು ಗಾಳಿಗೆ ಒಳ್ಳೆ ಮರಕ್ಕೆ ಹೋಗೋದಕ್ಕಿಂತ ಮನೇಲಿ ಇರೋದು ಮೇಲು. ಬಲಿತ ಬಕ್ ತನ್ನ ಮೂಗಿಗೆ ಅನುಕೂಲ ಇರೋ ದಾರೀಲೇ ನಡೆಯತ್ತೆ, ಗಾಳಿ ಪೂರ್ತಿ ನಿಮ್ಮ ಪರವಾಗಿ ಇರೋ ಜಾಗಕ್ಕೆ ಅದು ಬರೋದೇ ಅಪರೂಪ. ಅದಕ್ಕೇ ಬಕ್‌ಗೂ ಗಾಳಿ ಸರಿ ಅನ್ನಿಸ್ಬೇಕು, ನಿಮ್ಮ ವಾಸನೆ ಮಾತ್ರ ಅದರ ಹಾದಿಗೆ ಕೂದಲೆಳೆ ಅಂತರದಲ್ಲಿ ತಪ್ಪಿ ಹೊರಗೆ ಹೋಗ್ಬೇಕು, ಅಂಥ ಮರ ಹುಡುಕಿ. ಗಾಳಿ ಮರೆ ಮಗ್ಗುಲಲ್ಲಿ ಹಾದಿಯಿಂದ 15-20 ಯಾರ್ಡ್ ಕೆಳಗೆ ಪಕ್ಕಕ್ಕೆ ಇರೋ ಮರದಿಂದ ಎಳೆ ಬಿಟ್ಟಾಗ ಕಣಿವೆ ಮೇಲೆ ತೇಲ್ಕೊಂಡು ಹೋದ್ರೆ ಅದು ಮರ, ವಾಪಸ್ ಹಾದಿಗೆ ಹತ್ತಿದ್ರೆ ಬಿಡಿ. ನೆತ್ತಿ ಗಾಳಿನೇ ಇಲ್ಲದ ದಿನ ಥರ್ಮಲ್ ಒಂದೇ ಲೆಕ್ಕ: ಬಿಸಿಲೇರಿದ ಮೇಲೆ ಹಾದಿಗಿಂತ ಮೇಲೆ, ಸಂಜೆ ಹಾದಿಗಿಂತ ಕೆಳಗೆ.

ಹೋಗೋ ದಾರಿ ಅಂದ್ರೆ, ಆ ಹೊತ್ತಿಗೆ ಜಿಂಕೆ ಎಲ್ಲಿದೆಯೋ ಅಲ್ಲಿ ನಡೀಬಾರದು ಅಷ್ಟೇ. ಬೆಳಗಿನ ಕತ್ತಲಲ್ಲಿ ಅವು ಕೆಳಗೆ ಮೇಯ್ತಾ ಇರ್ತವೆ, ತಣ್ಣನೆ ಗಾಳಿ ಕೆಳಗೆ ಇಳೀತಾ ಇರತ್ತೆ, ಆದ್ರಿಂದ ಮೇಲಿಂದ ಬರೋದಾದ್ರೂ ನಿಮ್ಮ ವಾಸನೆ ಇಳಿಯೋ ಕಣಿವೆ ಅವು ಮೇಯೋ ಕಣಿವೆ ಆಗಿರಬಾರದು. ಸಂಜೆ ಕೂರೋಕೆ ಹೋಗೋವಾಗ ಅವು ಮೇಲೆ ಮಲಗಿರ್ತವೆ, ಹಳ್ಳದ ನೀರಲ್ಲಿ ನಡೆದು ಬಂದ್ರೆ ಸದ್ದೂ ಮುಚ್ಚತ್ತೆ. ಒಂದು ಮರದಲ್ಲಿ ಮೊದಲ ಸಲ ಕೂತಾಗ ಇರೋ ಅವಕಾಶ ಮತ್ತೆ ಇರಲ್ಲ, ಹಾಗಾಗಿ ಒಳ್ಳೇ ಮರನ ಅಕ್ಟೋಬರ್ ಬಿಸಿಲಲ್ಲಿ ಹೋಗಿ ಹಾಳು ಮಾಡ್ಬೇಡಿ. ಅಕ್ಟೋಬರ್ ಕೊನೆ ವಾರದಿಂದ ನವೆಂಬರ್ ನಡುವಿನ ತನಕ ಬೆದೆ ಕಾಲ, ಅದರಲ್ಲೂ ನವೆಂಬರ್ ಮೊದಲ ಎರಡು ವಾರಕ್ಕೆ ರಜೆ ಉಳಿಸ್ಕೊಳ್ಳಿ, ದೀಪಾವಳಿ ಅದೇ ಹೊತ್ತಿಗೆ ಬಿದ್ರೆ ಮನೆಯವರ ಹತ್ರ ಮೊದಲೇ ಮಾತಾಡಿ. ಆಗ ಇಡೀ ದಿನ ಕೂರಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ, ಬೇರೆಯವರು ಊಟಕ್ಕೆ ಕಾರಿಗೆ ವಾಪಸ್ ನಡೆಯೋ ಹೊತ್ತಲ್ಲಿ, ದೊಡ್ಡ ಗಂಡು, ಹೆಣ್ಣುಗಳು ಮಲಗೋ ಜಾಗದಿಂದ ಗಾಳಿ ಬೀಸಿ ಹೋಗೋ ಕಡೆ ಮೂಸ್ತಾ ಹೋಗತ್ತೆ.

ಮರ ಹತ್ತೋವಾಗ ಫುಲ್ ಬಾಡಿ ಹಾರ್ನೆಸ್ ನೆಲದಿಂದಲೇ ಹಾಕ್ಕೊಂಡು ಹತ್ತಿ. ಹತ್ತೋವಾಗ, ಸ್ಟ್ಯಾಂಡ್ ಕಟ್ಟೋವಾಗ ಮರ ಸುತ್ತಿ ಬರೋ ಲೈನ್‌ಮನ್ ಬೆಲ್ಟ್, ಕೂತಾಗ ಹಾರ್ನೆಸ್‌ನ ಮರಕ್ಕೆ ಕಟ್ಟೋ ಟೆದರ್, ಕ್ಷಣಕ್ಕೂ ಬಿಡ್ಬೇಡಿ. ಬಿಲ್ಲನ್ನ ಹೆಗಲಿಗೆ ಹಾಕ್ಕೊಂಡು ಹತ್ತೋದು ಬೇಡ, ಹಗ್ಗ ಕಟ್ಟಿ ಆಮೇಲೆ ಎಳ್ಕೊಳ್ಳಿ, ಬ್ರಾಡ್‌ಹೆಡ್ ಕ್ವಿವರ್ (ಬತ್ತಳಿಕೆ) ಒಳಗೆ ಮುಚ್ಚಿರ್ಲಿ. ಎಲ್ಲಿದೀರ, ಎಷ್ಟೊತ್ತಿಗೆ ಬರ್ತೀರ ಅಂತ ಮನೇಲಿ ಹೇಳಿ, ಆ ಕೊರಕಲುಗಳಲ್ಲಿ ಫೋನ್ ಸಿಗ್ನಲ್ ನಂಬೋ ಹಾಗಿಲ್ಲ. ಗನ್ ಸೀಸನ್ ದಿನಗಳಲ್ಲಿ, ಯೂತ್ ಗನ್ ವೀಕೆಂಡ್‌ನಲ್ಲೂ, ಬಿಲ್ಲು ಹಿಡಿದೋರೂ ಆರೆಂಜ್ ಜಾಕೆಟ್ ಹಾಕ್ಬೇಕು, ಜಿಂಕೆ ಕಣ್ಣಿಗೆ ಆ ಬಣ್ಣ ಹೊಳೆಯಲ್ಲ, ಅಲುಗಾಟ ಮಾತ್ರ ಹೊಳೆಯತ್ತೆ. ಉಣ್ಣಿ ವಿಷಯನೂ ಹೇಳ್ಬೇಕು, ಅದೇ ರಕ್ತ ಹೀರೋ ಟಿಕ್. ಬಟ್ಟೆಗೆ ಹಿಂದಿನ ದಿನ ಪರ್ಮೆಥ್ರಿನ್ ಹೊಡೆದು ಒಣಗಿಸಿ, ಮೈಗೆ ಹಚ್ಚೋ ಹಾಗಿಲ್ಲ. ಲೈಮ್ ಕಾಯಿಲೆ ಎಲ್ಲರಿಗೂ ಗೊತ್ತು, ಆದ್ರೆ ಲೋನ್ ಸ್ಟಾರ್ ಅನ್ನೋ ಉಣ್ಣಿ ಕಚ್ಚಿದ್ರೆ ಕೆಲವರಿಗೆ ಕೆಂಪು ಮಾಂಸಕ್ಕೇ ಅಲರ್ಜಿ ಬರತ್ತೆ, ದಕ್ಷಿಣ ಓಹಾಯೋದಲ್ಲಿ ಅದು ಇದೆ.

ಬಂದಾಗ

ವಯಸ್ಸು ಕೊಂಬಲ್ಲಿ ನೋಡ್ಬೇಡಿ, ಮೈಯಲ್ಲಿ ನೋಡಿ. ಮರಿ ಗಂಡು ಅಂದ್ರೆ ಕಾಲು ಉದ್ದ, ಕುತ್ತಿಗೆ ಸಣ್ಣ. ಬಲಿತಿದ್ದು ಅಂದ್ರೆ ಎದೆ ಆಳ ಇಳಿದು ಕಾಲು ಗಿಡ್ಡ ಕಂಡಂಗೆ ಇರತ್ತೆ, ಬೆದೆ ಕಾಲದಲ್ಲಿ ಕುತ್ತಿಗೆ ಊದಿ ನೇರ ಭುಜಕ್ಕೆ ಸೇರಿರತ್ತೆ, ಹೊಟ್ಟೆ ಸ್ವಲ್ಪ ಜೋತಿರತ್ತೆ, ಹಿಂಗಾಲಿನ ಒಳಗಂಟು ಹತ್ರ ಕಪ್ಪು ಮಸಿ ಬಣ್ಣ. ನಡಿಗೆ ಕೂಡ ಬೇರೆ: ನಾಲ್ಕು ಹೆಜ್ಜೆ, ನಿಲ್ಲೋದು, ಮೂಗು ಎತ್ತೋದು, ಒಂದು ಕಿವಿ ಹಿಂದಕ್ಕೆ ತಿರುಗಿಸೋದು, ಮತ್ತೆ ನಾಲ್ಕು ಹೆಜ್ಜೆ. ಅದರ ಕಣ್ಣು ದಪ್ಪ ಮರದ ಹಿಂದೆ ಹೋದ ಕ್ಷಣ ಬಿಲ್ಲು ಎಳೀರಿ. ಕಾಣ್ತಿರೋವಾಗ ಎಳೆದ್ರೆ ಮುಗೀತು.

ಪೂರ್ತಿ ಅಡ್ಡ ನಿಂತಾಗ, ಇಲ್ಲಾ ಸ್ವಲ್ಪ ಆಚೆ ತಿರುಗಿ ನಿಂತಾಗ ಮಾತ್ರ ಬಿಡಿ. ಎದುರುಮುಖ ನಿಂತಿದ್ರೆ, ನಿಮ್ಮ ಕಡೆ ಭುಜ ಕೊಟ್ಟಿದ್ರೆ, ಕಾಯಿರಿ. ಮುಂಗಾಲಿನ ಹಿಂದೆ, ಎದೆಯ ಕೆಳಗಿಂದ ಮೂರನೇ ಒಂದು ಭಾಗದ ಎತ್ತರ, ಬಾಣ ಹೊರಬರೋ ಜಾಗ ಆಚೆ ಮುಂಗಾಲಿನ ಹತ್ರ ಇರ್ಬೇಕು ಅಂತ ಲೆಕ್ಕ ಹಾಕಿ. 25 ಯಾರ್ಡ್ ದಾಟಿಸೋಕೆ ಸೆಕೆಂಡಿಗೆ 270 ಅಡಿ ಹೋಗೋ ಬಾಣಕ್ಕೆ ಸುಮಾರು 0.28 ಸೆಕೆಂಡ್ ಬೇಕು, ದಾರದ ಸದ್ದು 0.07 ಸೆಕೆಂಡಿಗೇ ಮುಟ್ಟಿರತ್ತೆ. ಮಿಕ್ಕ ಸಮಯದಲ್ಲಿ ಗಾಬರಿ ಬಿದ್ದ ಜಿಂಕೆ ಓಡೋಕೆ ಅಂತ ಮೈ ಕುಗ್ಗಿಸತ್ತೆ, ಬಾಣ ಮೇಲೆ ಹೋಗತ್ತೆ. ಅದಕ್ಕೆ ನಿರಾಳವಾಗಿರೋ ಜಿಂಕೆಗೆ ಮಾತ್ರ, ಹತ್ತಿರದಿಂದ ಮಾತ್ರ. ನಿಮಗೆ ನೂರಕ್ಕೆ ನೂರು ಗೊತ್ತಿಲ್ಲದ ಶಾಟ್ ಬಿಡೋದು ಆ ಪ್ರಾಣಿಗೆ ಮಾಡೋ ಅನ್ಯಾಯ, ಇದರಲ್ಲಿ ನಾನು ರಾಜಿ ಆಗಲ್ಲ.

ಬಾಣ ಬಿಟ್ಟ ಮೇಲೆ

ಕೂತಲ್ಲೇ ಇರಿ. ಎಲ್ಲಿ ನಿಂತಿತ್ತು, ಕೊನೆಗೆ ಯಾವ ಮರದ ಹತ್ರ ಕಂಡಿತು, ನೆನಪಿಟ್ಕೊಳ್ಳಿ. ಅರ್ಧ ಗಂಟೆ ಆದ ಮೇಲೆ ಇಳಿದು ಬಾಣ ನೋಡಿ. ಗುಲಾಬಿ ನೊರೆ ರಕ್ತ ಇದ್ರೆ ಶ್ವಾಸಕೋಶ, ಹೆಚ್ಚು ದೂರ ಹೋಗಿರಲ್ಲ. ಕಡುಗೆಂಪು, ಕಂದು ಅನ್ನೋ ಹಾಗಿದ್ರೆ ಪಿತ್ತಜನಕಾಂಗ, ನಾಲ್ಕರಿಂದ ಆರು ಗಂಟೆ ಬಿಡಿ. ಹಸಿರು ಕಸ, ಕೆಟ್ಟ ವಾಸನೆ ಇದ್ರೆ ಹೊಟ್ಟೆ, ಎಂಟರಿಂದ ಹನ್ನೆರಡು ಗಂಟೆ, ಬೇಕಾದ್ರೆ ರಾತ್ರಿ ಪೂರ್ತಿ. ಆತುರಕ್ಕೆ ಹಿಂದೆ ಬಿದ್ರೆ ಎದ್ದು ಎರಡು ಗುಡ್ಡ ದಾಟಿ ಹೋಗತ್ತೆ, ಸುಮ್ಮನೆ ಬಿಟ್ರೆ ಹತ್ತಿರದಲ್ಲೇ ಮಲಗಿ ಸಾಯತ್ತೆ. ರಕ್ತದ ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೀರಿ, ಕೊನೆ ಹನಿ ಸಿಕ್ಕಲ್ಲಿ ಟಿಶ್ಯೂ ಪೇಪರ್ ಕಟ್ಟಿ ಮುಂದೆ ಹೋಗಿ. ಜಾಡು ತಪ್ಪಿದ್ರೆ ವಾಸನೆ ಹಿಡಿಯೋ ನಾಯಿ ಇಟ್ಕೊಂಡಿರೋರು ಸುಮಾರು ಕಡೆ ಇದ್ದಾರೆ, ಬೇಗ ಫೋನ್ ಮಾಡಿ, ಹತ್ತು ಜನ ತುಳಿದಾದ ಮೇಲೆ ನಾಯಿಗೂ ಕಷ್ಟ.

ಸಿಕ್ಕ ಮೇಲೆ ಗ್ಲೌಸ್ ಹಾಕ್ಕೊಂಡು ಅಲ್ಲೇ ಕರುಳು ತೆಗೀರಿ, ಮೈ ಬಿಸಿ ಬೇಗ ಇಳೀಬೇಕು, ಹವಾ 40 ಫ್ಯಾರನ್‌ಹೀಟ್‌ಗಿಂತ ಜಾಸ್ತಿ ಇದ್ರೆ ಹೊಟ್ಟೆ ಒಳಗೆ ಐಸ್ ಚೀಲ ಇಡಿ. ಪರ್ಮಿಟ್ ಟ್ಯಾಗ್ ತುಂಬಿಸಿ, ಮಾರನೇ ದಿನ ಮಧ್ಯಾಹ್ನ ಹನ್ನೆರಡರ ಒಳಗೆ ಗೇಮ್ ಚೆಕ್ ಮಾಡಿ, ಅಂದ್ರೆ ಹೊಡೆದ ಜಿಂಕೆನ ರಾಜ್ಯದ ದಾಖಲೆಗೆ ಸೇರಿಸಿ, ಆಪ್‌ನಲ್ಲೇ ಆಗತ್ತೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನೋ ಕಾಯಿಲೆ 2020ರಲ್ಲಿ ಓಹಾಯೋದ ಕಾಡು ಜಿಂಕೆಯಲ್ಲೂ ಕಾಣಿಸ್ಕೊಂಡಿದೆ, ಬೇಯಿಸಿದ್ರೆ ಸಾಯೋ ರೋಗಾಣು ಅಲ್ಲ ಅದು, ಹಾಳಾದ ಪ್ರೋಟೀನ್. ಟೆಸ್ಟ್‌ಗೆ ಸ್ಯಾಂಪಲ್ ಕೊಟ್ಟು, ರಿಸಲ್ಟ್ ಬರೋ ತನಕ ಮಾಂಸನ ಬೇರೆ ಡಬ್ಬಕ್ಕೆ ಹಾಕಿ ಫ್ರೀಜ್ ಮಾಡಿ, ಪಾಸಿಟಿವ್ ಬಂದ್ರೆ ತಿನ್ನಬೇಡಿ. ಬೆನ್ನುಹುರಿ, ಮಿದುಳು ಮುಟ್ಟದೆ ಮೂಳೆಯಿಂದ ಬಿಡಿಸೋದು ಕಲೀರಿ. ಬೆನ್ನಿನ ಮೆದು ತುಂಡು ಕಬ್ಬಿಣದ ಹೆಂಚಲ್ಲಿ ಮೆಣಸು ಉಪ್ಪು ಹಾಕಿ ಜೋರು ಉರೀಲಿ ಸ್ವಲ್ಪ ಹೊತ್ತು ಮಾತ್ರ ಹುರೀರಿ. ಕುತ್ತಿಗೆ, ಭುಜ ಗಟ್ಟಿ, ಅದನ್ನ ಕುಕ್ಕರ್‌ಗೆ ಹಾಕಿ ಸಾರು ಮಾಡಿ, ಆದ್ರೆ ಬಿಳಿ ಕೊಬ್ಬು ಪೂರ್ತಿ ಕಿತ್ತು ಹಾಕಿ, ಮಟನ್ ಕೊಬ್ಬಿನ ರುಚಿ ಇದಕ್ಕಿಲ್ಲ, ತಣ್ಣಗಾದ್ರೆ ಅಂಗುಳಕ್ಕೆ ಮೇಣ ಅಂಟಿದಂಗೆ ಅಂಟತ್ತೆ.